ಡಿಕ್ಲರೇಷನ್ ಜಾಗ, ದೇವರಾಜ ಅರಸು ಮತ್ತು ನಿಮ್ಮ ಹಟ್ಟಿ

ಹೈನುಗಾರ ಅಕ್ಕಂದಿರೇ, ತಾಯಂದಿರೇ,

ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಗರ್ಭಧಾರಣೆ, ಖನಿಜ ಮಿಶ್ರಣ, ಕಾಲುಬಾಯಿ ಜ್ವರದ ಲಸಿಕೆ ಇಂಥವುಗಳ ಬಗ್ಗೆ ಬರೆಯುತ್ತೇನೆ. ಈ ಸಲ ಒಬ್ಬ ರಾಜಕಾರಣಿಯ ಬಗ್ಗೆ ಬರೆಯುತ್ತಿದ್ದೇನೆ. ದನದ ಡಾಕ್ಟರಿಗೆ ರಾಜಕೀಯ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ಆಗಸ್ಟ್ 20 ಡಿ. ದೇವರಾಜ ಅರಸರ ಜನ್ಮದಿನ. ನಮ್ಮ ಕರಾವಳಿಯಲ್ಲಿ ಹಟ್ಟಿಗಳಿಗೆ ಹೋದಾಗ "ಇದು ಡಿಕ್ಲರೇಷನ್‌ನಲ್ಲಿ ಆದ ಜಾಗ ಡಾಕ್ಟ್ರೇ" ಎನ್ನುವ ಮಾತು ನನ್ನ ಕಿವಿಗೆ ಎಷ್ಟೋ ಸಲ ಬಿದ್ದಿದೆ. ಆ ಜಾಗದಲ್ಲಿ ಹಟ್ಟಿ ಇದೆ, ಬಾವಿ ಇದೆ, ತೋಟದ ಬದಿಯಲ್ಲಿ ನೇಪಿಯರ್ ಹುಲ್ಲು ಇದೆ. ಆದರೆ ಡಿಕ್ಲರೇಷನ್ ಎಂದರೆ ಏನು, ಅದು ಯಾರ ಕಾಲದಲ್ಲಿ ಬಂತು, ಹೇಗೆ ಬಂತು ಎಂದು ಕೇಳಿದರೆ ಮನೆಯ ಹಿರಿಯರಿಗೆ ಬಿಟ್ಟು ಉಳಿದವರಿಗೆ ಅಷ್ಟಾಗಿ ಗೊತ್ತಿಲ್ಲ. ನಾನು ಹುಟ್ಟುವ ಮೊದಲೇ ಅರಸರು ತೀರಿಹೋಗಿದ್ದರು. ನಾನೂ ಇದನ್ನು ಓದಿ, ಹಿರಿಯರನ್ನು ಕೇಳಿಯೇ ತಿಳಿದುಕೊಂಡದ್ದು.

ಅವರ ರಾಜಕೀಯ ಜೀವನದ ಕಥೆ ನಿಮ್ಮ ಇಂದಿನ ಹಾಲಿನ ಲೆಕ್ಕಕ್ಕೂ ಸಂಬಂಧಪಟ್ಟದ್ದು. ದಯವಿಟ್ಟು ಕೊನೆಯವರೆಗೆ ಓದಿ.

ಕಲ್ಲಹಳ್ಳಿಯಿಂದ ವಿಧಾನಸೌಧಕ್ಕೆ

ದೇವರಾಜ ಅರಸರು 1915ರಲ್ಲಿ ಹುಟ್ಟಿದವರು. ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಊರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಬಿ.ಎಸ್ಸಿ. ಮುಗಿಸಿದರು. ಆ ಕಾಲದಲ್ಲಿ ಅಷ್ಟು ಓದಿದವರು ಸರಕಾರಿ ನೌಕರಿ ಹುಡುಕಿಕೊಂಡು ಹೋಗುತ್ತಿದ್ದರು. ಇವರು ಊರಿಗೆ ಮರಳಿ ಬೇಸಾಯಕ್ಕೆ ಇಳಿದರು.

1941ರಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡರು. 1952ರ ಮೊದಲ ಚುನಾವಣೆಯಿಂದ ಹುಣಸೂರಿನ ಶಾಸಕರಾಗಿ ಮತ್ತೆ ಮತ್ತೆ ಗೆದ್ದರು. ಅರವತ್ತರ ದಶಕದಲ್ಲಿ ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವರಾಗಿದ್ದರು. ಅರಸು ಸಮುದಾಯ ಸಂಖ್ಯೆಯಲ್ಲಿ ಬಹಳ ಚಿಕ್ಕದು. ದೊಡ್ಡ ಜಾತಿಯ ಬೆಂಬಲವಿಲ್ಲದೆ ರಾಜ್ಯದ ರಾಜಕೀಯದಲ್ಲಿ ಮೇಲೆ ಬರುವುದು ಆಗ ಸುಲಭವಾಗಿರಲಿಲ್ಲ.

1969ರಲ್ಲಿ ಕಾಂಗ್ರೆಸ್ ಪಕ್ಷ ಒಡೆಯಿತು. ರಾಜ್ಯದ ದೊಡ್ಡ ನಾಯಕರಲ್ಲಿ ಹೆಚ್ಚಿನವರು ನಿಜಲಿಂಗಪ್ಪನವರ ಕಡೆ ನಿಂತರು. ಅರಸರು ಇಂದಿರಾ ಗಾಂಧಿಯವರ ಕಡೆ ಹೋದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. ಮರುವರ್ಷ ವಿಧಾನಸಭೆಯಲ್ಲೂ ಭಾರೀ ಬಹುಮತ ಬಂತು. 1972ರ ಮಾರ್ಚ್ 20ರಂದು ದೇವರಾಜ ಅರಸರು ಮುಖ್ಯಮಂತ್ರಿಯಾದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು ಅವರ ಕಾಲದಲ್ಲೇ.

ಗೇಣಿ ಕಾಲದಲ್ಲಿ ದನ ಯಾಕೆ ಹಾಲು ಕೊಡಲಿಲ್ಲ?

ಅರಸರ ಕೆಲಸ ಅರ್ಥವಾಗಬೇಕಾದರೆ ಅದಕ್ಕೂ ಹಿಂದಿನ ಸ್ಥಿತಿ ಗೊತ್ತಿರಬೇಕು. ನಮ್ಮ ಜಿಲ್ಲೆಗಳಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆ ಇತ್ತು. ಮೂಲಗೇಣಿದಾರನಿಗೆ ಜಾಗದ ಮೇಲೆ ಶಾಶ್ವತ ಹಕ್ಕಿತ್ತು. ಚಾಲಗೇಣಿ ಒಕ್ಕಲಿಗೆ ಅದು ಇರಲಿಲ್ಲ. ಕೊಯ್ಲು ಮುಗಿದ ಮೇಲೆ ಇಷ್ಟು ಮುಡಿ ಅಕ್ಕಿ ಎಂದು ಧಣಿಗಳ ಮನೆಗೆ ಅಳೆದು ಕೊಡಬೇಕು. ಮಳೆ ಕೈಕೊಟ್ಟರೂ, ಪೈರಿಗೆ ರೋಗ ಬಂದರೂ ಗೇಣಿ ತಪ್ಪಿಸುವಂತಿಲ್ಲ. ಬಾಕಿಯಾದರೆ ಜಾಗ ಬಿಡಬೇಕಾಗುವ ಭಯ ವರ್ಷವಿಡೀ ಇರುತ್ತಿತ್ತು.

ಪಶುವೈದ್ಯಳಾಗಿ ನಾನು ಇದನ್ನು ಹೀಗೆ ನೋಡುತ್ತೇನೆ. ಮುಂದಿನ ವರ್ಷ ಈ ಜಾಗ ನಮ್ಮ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲ ಎಂದಾದರೆ ಅಲ್ಲಿ ಬಾವಿ ತೋಡುವವರು ಯಾರು? ಗಟ್ಟಿ ಹಟ್ಟಿ ಕಟ್ಟುವವರು ಯಾರು? ಒಂದು ಸಲ ನೆಟ್ಟರೆ ನಾಲ್ಕೈದು ವರ್ಷ ಕೊಯ್ಯುವಂಥ ಮೇವು ನೆಡುವವರು ಯಾರು? ಆಗ ಮನೆಯಲ್ಲಿ ದನ ಇದ್ದವು. ಆದರೆ ಅವು ಗೊಬ್ಬರಕ್ಕೆ ಮತ್ತು ಉಳುವ ಎತ್ತಿಗಾಗಿ ಇದ್ದ ದನ. ಗುಡ್ಡೆಯಲ್ಲಿ ಮೇದು, ಬೈಹುಲ್ಲು ತಿಂದು, ಒಂದೆರಡು ಲೀಟರ್ ಹಾಲು ಕೊಡುತ್ತಿದ್ದವು. ತಳಿ ಚಿಕ್ಕದು ಎನ್ನುವುದು ಒಂದು ಕಾರಣ. ಹಾಲಿಗಾಗಿ ದನ ಸಾಕಲು ಬೇಕಾದ ನೆಲ, ನೀರು, ಸಾಲ ಮೂರೂ ಒಕ್ಕಲು ಮನೆಯ ಹೆಂಗಸಿನ ಕೈಗೆ ಸಿಗುತ್ತಿರಲಿಲ್ಲ ಎನ್ನುವುದು ಅಷ್ಟೇ ದೊಡ್ಡ ಕಾರಣ.

ಉಳುವವನೇ ಹೊಲದೊಡೆಯ

ಗೇಣಿ ತೊಲಗಬೇಕು ಎಂಬ ಹೋರಾಟ ಅರಸರಿಂದ ಶುರುವಾದದ್ದಲ್ಲ. ಘಟ್ಟದ ಮೇಲೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲೇ ಗೇಣಿ ರೈತರು ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿದ್ದರು. ಕರಾವಳಿಯಲ್ಲೂ ರೈತ ಸಂಘಟನೆಗಳು ದುಡಿದಿದ್ದವು. 1961ರಲ್ಲಿ ಭೂಸುಧಾರಣಾ ಕಾನೂನು ಬಂತು, 1965ರ ಅಕ್ಟೋಬರ್ 2ರಿಂದ ಜಾರಿಯಾಯಿತು. ಆದರೆ ಅದರಲ್ಲಿ, ಸ್ವಂತ ಬೇಸಾಯಕ್ಕೆ ಬೇಕು ಎಂದು ಧಣಿ ಜಮೀನಿನ ಒಂದು ಪಾಲನ್ನು ಹಿಂದಕ್ಕೆ ಪಡೆಯಲು ದಾರಿ ಇತ್ತು.

ಅರಸರ ಸರಕಾರ ಆ ದಾರಿಯನ್ನು ಮುಚ್ಚಿತು. ಹುಚ್ಚಮಾಸ್ತಿಗೌಡರು ಕಂದಾಯ ಸಚಿವರಾಗಿದ್ದಾಗ ತಿದ್ದುಪಡಿ ಕಾನೂನು ವಿಧಾನಮಂಡಲದಲ್ಲಿ ಪಾಸಾಯಿತು. 1974ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಅದರ ಸಾರ ಇಷ್ಟು:

• ಗೇಣಿಯಲ್ಲಿದ್ದ ಜಮೀನೆಲ್ಲ ಆ ದಿನದಿಂದ ಸರಕಾರಕ್ಕೆ ಸೇರಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಇನ್ನು ಮುಂದೆ ಯಾರೂ ಜಮೀನನ್ನು ಗೇಣಿಗೆ ಕೊಡುವಂತಿಲ್ಲ.

• ಉಳುತ್ತಿದ್ದ ಒಕ್ಕಲು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಬೇಕು. ನಮ್ಮವರು ಡಿಕ್ಲರೇಷನ್ ಎನ್ನುವುದು ಇದನ್ನೇ. ಅರ್ಜಿ ಒಪ್ಪಿಗೆಯಾದರೆ ನಿಗದಿಯಾದ ಹಣ ಸರಕಾರಕ್ಕೆ ಕಟ್ಟಿ ಅಧಿಭೋಗದ ಹಕ್ಕು ಪಡೆಯಬೇಕು. ಧಣಿಗೆ ಸರಕಾರ ಪರಿಹಾರ ಕೊಡುತ್ತದೆ.

• ಅರ್ಜಿಯನ್ನು ತೀರ್ಮಾನಿಸುವುದು ಕೋರ್ಟಲ್ಲ, ತಾಲ್ಲೂಕಿನ ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು.

• ಧಣಿಯ ಜಾಗದಲ್ಲಿ ಬಿಡಾರ ಹಾಕಿಕೊಂಡಿದ್ದ ಕೂಲಿಯವರಿಗೆ ಮನೆ ನಿಂತ ಜಾಗದ ಹಕ್ಕು.

ಈ ನ್ಯಾಯಮಂಡಳಿಯೇ ಕಾನೂನಿನ ಜೀವ ಎಂದು ನನಗನ್ನಿಸುತ್ತದೆ. ಮೊದಲಿಗೆ ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಓದು ಬಾರದ ಒಕ್ಕಲು ತನ್ನ ಬಾಯಿಂದಲೇ "ಈ ಗದ್ದೆ ಉಳುವುದು ನಾನು" ಎಂದು ಹೇಳಬಹುದಿತ್ತು. ಅಕ್ಕಪಕ್ಕದವರು ಸಾಕ್ಷಿ ಹೇಳುತ್ತಿದ್ದರು. ವಕೀಲರ ಫೀಸಿಗೆ ಹಣವಿರುವ ಧಣಿ, ಬಸ್ಸಿನ ಚಾರ್ಜಿಗೂ ಪರದಾಡುವ ಒಕ್ಕಲು, ಇಬ್ಬರೂ ಒಂದೇ ಬೆಂಚಿನ ಮುಂದೆ ನಿಂತರು. ಭೂಸುಧಾರಣೆಯ ಹೊಣೆ ಹೊತ್ತಿದ್ದ ಸಚಿವ ಬಿ. ಸುಬ್ಬಯ್ಯ ಶೆಟ್ಟರು ನಮ್ಮ ದಕ್ಷಿಣ ಕನ್ನಡದವರೇ.

ರಾಜ್ಯದಾದ್ಯಂತ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಅವುಗಳಲ್ಲಿ 4.8 ಲಕ್ಷದಷ್ಟು ಒಕ್ಕಲುಗಳ ಪರವಾಗಿ ಆದವು. ಗೇಣಿ ಹೆಚ್ಚಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಇದರ ಪರಿಣಾಮ ಹೆಚ್ಚು ಕಂಡಿತು. ಆಗ ಉಡುಪಿಯೂ ದಕ್ಷಿಣ ಕನ್ನಡದಲ್ಲೇ ಇತ್ತು.

ಜಾಗದಿಂದ ಹಾಲಿಗೆ

ಹಕ್ಕುಪತ್ರ ಕೈಗೆ ಬಂದ ಮೇಲೆ ಏನಾಯಿತು? ಡಿಕ್ಲರೇಷನ್ ಜಾಗವನ್ನು 15 ವರ್ಷ ಮಾರುವಂತಿರಲಿಲ್ಲ. ಆದರೆ ಬೇಸಾಯದ ಅಭಿವೃದ್ಧಿಗೆಂದು ಸಹಕಾರಿ ಬ್ಯಾಂಕಿಗೆ ಅಡವಿಟ್ಟು ಸಾಲ ಪಡೆಯಬಹುದಿತ್ತು. ಆ ಸಾಲದಿಂದ ಬಾವಿ ತೋಡಿದರು, ಪಂಪ್ ಇಟ್ಟರು, ಗುಡ್ಡೆ ಕಡಿದು ತೆಂಗು, ಅಡಿಕೆ ಹಾಕಿದರು. ತೋಟಕ್ಕೆ ಗೊಬ್ಬರ ಬೇಕಾಯಿತು, ಗೊಬ್ಬರಕ್ಕೆ ದನ ಬೇಕಾಯಿತು. ದನಕ್ಕೆ ತೋಟದ ಹುಲ್ಲು ಸಿಕ್ಕಿತು.

ಅದೇ ಕಾಲದಲ್ಲಿ ಇನ್ನೊಂದು ಕೆಲಸ ನಡೆಯಿತು. ರಾಜ್ಯದ ಮೊದಲ ಹಾಲಿನ ಸಹಕಾರ ಸಂಘ 1955ರಲ್ಲೇ ಕೊಡಗಿನ ಕೂಡಿಗೆಯಲ್ಲಿ ಆರಂಭವಾಗಿತ್ತು. ಆದರೆ ಹಳ್ಳಿಗೊಂದು ಸಂಘ, ಜಿಲ್ಲೆಗೊಂದು ಒಕ್ಕೂಟ, ಮೇಲೆ ರಾಜ್ಯ ಮಟ್ಟದ ಸಂಸ್ಥೆ ಎಂಬ ಆನಂದ್ ಮಾದರಿ ಇಲ್ಲಿಗೆ ಬಂದದ್ದು ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ಡೇರಿ ಅಭಿವೃದ್ಧಿ ಯೋಜನೆಯಿಂದ. ಅದು ಶುರುವಾದದ್ದು 1974ರಲ್ಲಿ, ಅರಸರು ಮುಖ್ಯಮಂತ್ರಿಯಾಗಿದ್ದಾಗ. ಯೋಜನೆ ಮೊದಲು ಹೋದದ್ದು ದಕ್ಷಿಣದ ಬಯಲು ಜಿಲ್ಲೆಗಳಿಗೆ. ನಮ್ಮ ಒಕ್ಕೂಟ ಹುಟ್ಟಿದ್ದು ಆಮೇಲೆ, ಎಂಬತ್ತರ ದಶಕದಲ್ಲಿ. ಕೆಎಂಎಫ್ ಈ ಹೆಸರಿಗೆ ಬಂದದ್ದೂ 1984ರಲ್ಲಿ. ಹಾಗಾಗಿ ನಮ್ಮ ಸಂಘಗಳನ್ನು ಅರಸರೇ ಕಟ್ಟಿದರು ಎಂದು ನಾನು ಹೇಳುವುದಿಲ್ಲ. ಆದರೆ ಸಂಘದ ಹಾಲಿನ ಗಾಡಿ ನಮ್ಮ ಊರಿಗೆ ಬರುವ ಹೊತ್ತಿಗೆ ಇಲ್ಲಿ ಸ್ವಂತ ಜಾಗದಲ್ಲಿ ಹಸು ಕಟ್ಟಿಕೊಂಡ ಸಣ್ಣ ಹಿಡುವಳಿದಾರರು ಸಾವಿರಾರು ಮಂದಿ ಇದ್ದರು. ಭೂಸುಧಾರಣೆ ಆಗದಿದ್ದರೆ ಆ ಗಾಡಿಗೆ ಹಾಲು ಹಾಕುವವರು ಇಷ್ಟು ಜನ ಇರುತ್ತಿರಲಿಲ್ಲ.

ಇವತ್ತಿನ ಲೆಕ್ಕ ನೋಡಿ. 10 ಲೀಟರ್ ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 20ರಿಂದ 25 ಕೆ.ಜಿ. ಹಸಿಹುಲ್ಲು ಬೇಕು. ನೀರು ಇರುವ 25 ಸೆಂಟ್ಸ್ ಜಾಗದಲ್ಲಿ ಸಿಒ-4 ನೇಪಿಯರ್ ನೆಟ್ಟು ಗೊಬ್ಬರ ಕೊಟ್ಟು ನೋಡಿಕೊಂಡರೆ ವರ್ಷಕ್ಕೆ ಸುಮಾರು 25 ಟನ್ ಸಿಗುತ್ತದೆ. ಅಂದರೆ ದಿನಕ್ಕೆ 65–70 ಕೆ.ಜಿ., ಮೂರು ಹಸುಗಳಿಗೆ ಸಾಕು. ಜೊತೆಗೆ ಬೈಹುಲ್ಲು ಮತ್ತು ಹಾಲಿಗೆ ತಕ್ಕ ಹಿಂಡಿ. ಹಸಿಹುಲ್ಲು ಕೊಂಡು ತರುವವರ ಲಾಭ ಹುಲ್ಲಿಗೇ ಹೋಗುತ್ತದೆ. ಕಾಲೆಕರೆ ಜಾಗವೂ ಹೈನುಗಾರಿಕೆಯಲ್ಲಿ ಎಷ್ಟು ದೊಡ್ಡದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಏರಿದವರು ಇಳಿದದ್ದು

ಅರಸರು ಭೂಸುಧಾರಣೆಗೆ ನಿಲ್ಲಲಿಲ್ಲ. 1972ರಲ್ಲೇ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚಿಸಿದರು. 1975ರಲ್ಲಿ ಅದರ ವರದಿ ಬಂತು. ಅದರ ಆಧಾರದಲ್ಲಿ ಕೊಟ್ಟ ಮೀಸಲಾತಿಯಿಂದ ಎಷ್ಟೋ ಸಣ್ಣ ಸಮುದಾಯಗಳ ಮಕ್ಕಳು ಕಾಲೇಜು, ನೌಕರಿ ಕಂಡರು. ಬಡವರ ಖಾಸಗಿ ಸಾಲ ಪರಿಹಾರದ ಕಾನೂನು, ಜೀತ ವಿಮುಕ್ತಿಯ ಕೆಲಸವೂ ಅವರ ಆಡಳಿತದಲ್ಲಿ ನಡೆಯಿತು.

ಹಾಗೆಂದು ಎಲ್ಲವೂ ಚೆಂದವೇ ಆಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವರ ಅಧಿಕಾರದ ಒಂದು ಪಾಲು ತುರ್ತುಪರಿಸ್ಥಿತಿಯಲ್ಲಿ ಕಳೆಯಿತು, ಆಗ ರಾಜ್ಯದಲ್ಲೂ ವಿರೋಧ ಪಕ್ಷದವರನ್ನು ಜೈಲಿಗೆ ಹಾಕಲಾಯಿತು. ಸರಕಾರದ ಮೇಲೆ ಭ್ರಷ್ಟಾಚಾರದ ಆರೋಪಗಳು ಬಂದವು, 1977ರಲ್ಲಿ ಕೇಂದ್ರ ಸರಕಾರ ಗ್ರೋವರ್ ಆಯೋಗ ನೇಮಿಸಿತು. ಆ ವರ್ಷದ ಕೊನೆಗೆ ರಾಷ್ಟ್ರಪತಿ ಆಳ್ವಿಕೆ ಬಂತು. 1978ರ ಚುನಾವಣೆಯಲ್ಲಿ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. ಅದೇ ವರ್ಷ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಹೋದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಮರುವರ್ಷವೇ ಇಬ್ಬರೂ ಬೇರೆಯಾದರು, ಅರಸರನ್ನು ಪಕ್ಷದಿಂದ ಹೊರಹಾಕಲಾಯಿತು. 1980ರ ಜನವರಿಯಲ್ಲಿ ಲೋಕಸಭಾ ಚುನಾವಣೆಯಲ್ಲಿ ಸೋತ ಮೇಲೆ ಅವರ ಶಾಸಕರು ಒಬ್ಬೊಬ್ಬರಾಗಿ ಅತ್ತ ಕಡೆ ಹೋದರು, ಮುಖ್ಯಮಂತ್ರಿ ಸ್ಥಾನ ಹೋಯಿತು. 1982ರ ಜೂನ್ 6ರಂದು ತೀರಿಕೊಂಡರು. ಏಳು ವರ್ಷಕ್ಕೂ ಹೆಚ್ಚು ರಾಜ್ಯ ಆಳಿದವರ ಸುತ್ತ ಕೊನೆಗೆ ಉಳಿದವರು ಕೆಲವರೇ.

ಕಾನೂನಿನಲ್ಲೂ ಕೊರತೆಗಳಿದ್ದವು. ಗೇಣಿಯೂ ಇಲ್ಲದೆ ಬರೀ ಕೂಲಿಯಿಂದ ಬದುಕುತ್ತಿದ್ದವರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ಮನೆಯಡಿ ಜಾಗ ಬಿಟ್ಟರೆ ಹೆಚ್ಚು ಸಿಗಲಿಲ್ಲ. ಧಣಿಗಳೆಲ್ಲ ದೊಡ್ಡವರಾಗಿರಲಿಲ್ಲ. ಒಂದೆರಡು ಎಕರೆಯ ಗೇಣಿ ಅಕ್ಕಿಯಿಂದಲೇ ಬದುಕುತ್ತಿದ್ದ ವಿಧವೆಯರೂ ಜಾಗ ಕಳೆದುಕೊಂಡು ಕಷ್ಟಪಟ್ಟರು. ಹೆದರಿ, ದಾಕ್ಷಿಣ್ಯಕ್ಕೆ ಬಿದ್ದು, ಅಥವಾ ತಿಳಿಯದೆ 1979ರ ಜೂನ್ 30ರೊಳಗೆ ಅರ್ಜಿ ಹಾಕದವರು ಉಳುತ್ತಿದ್ದ ಗದ್ದೆಯ ಹಕ್ಕು ಕಳೆದುಕೊಂಡರು. ಕಾನೂನು ಎಷ್ಟೇ ಒಳ್ಳೆಯದಿದ್ದರೂ, ಹೆಸರು ಬರೆಸದವರಿಗೆ ಅದು ಸಿಗುವುದಿಲ್ಲ.

ಹೆಸರು ಯಾರದು?

ಅಕ್ಕಂದಿರೇ, ನಾನು ನಿಮಗೆ ಹೇಳಬೇಕೆಂದು ಹೊರಟದ್ದು ಇದನ್ನೇ. "ಉಳುವವನೇ ಹೊಲದೊಡೆಯ" ಎಂಬ ಘೋಷಣೆಯಲ್ಲಿ "ಉಳುವವನು" ಇದ್ದಾನೆ. ನೇಜಿ ನೆಟ್ಟವಳು, ಕಳೆ ಕಿತ್ತವಳು, ಬೈಹುಲ್ಲು ಹೊತ್ತವಳು ಆ ಮಾತಿನಲ್ಲಿ ಇಲ್ಲ. ಫಾರಂ 7ರಲ್ಲಿ ಸಾಮಾನ್ಯವಾಗಿ ಬಿದ್ದದ್ದು ಮನೆಯ ಯಜಮಾನನ ಹೆಸರು. ಅಳಿಯಕಟ್ಟಿನ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದುಬರುತ್ತಿದ್ದರೂ ಯಜಮಾನಿಕೆ ಹೆಚ್ಚಾಗಿ ಗಂಡಸಿನದೇ ಆಗಿತ್ತು.

ಆ ಅಭ್ಯಾಸ ಹಟ್ಟಿಗೂ ಬಂದಿದೆ. ವಿಮೆಯ ಫಾರಂ ತುಂಬುವಾಗ ನಾನು "ಮಾಲೀಕರ ಹೆಸರು?" ಎಂದು ಕೇಳುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದವರು, ಬೆದೆ ಗುರುತಿಸಿ ನನಗೆ ಫೋನ್ ಮಾಡಿದವರು, ಕರು ಹಾಕುವಾಗ ರಾತ್ರಿಯಿಡೀ ಕೂತವರು ಒಳಗೆ ನೋಡಿ "ಅವರ ಹೆಸರೇ ಬರೆಯಿರಿ" ಎನ್ನುತ್ತಾರೆ. ಮನೆಯಲ್ಲಿ ಒಗ್ಗಟ್ಟಿರುವವರೆಗೆ ಯಾರ ಹೆಸರಾದರೂ ಒಂದೇ. ಗಂಡ ತೀರಿಕೊಂಡರೆ, ಪಾಲು ಬಂದರೆ, ಸಾಲ ಬೇಕಾದರೆ ಆಗ ಗೊತ್ತಾಗುತ್ತದೆ ಹೆಸರಿನ ಬೆಲೆ.

ಈ ಕೆಳಗಿನವನ್ನು ಒಮ್ಮೆ ನೋಡಿಕೊಳ್ಳಿ:

1. ಸಂಘದ ಸದಸ್ಯತ್ವ. ಹಾಲು ಹಾಕುವುದು ನೀವಾದರೆ ಷೇರು ನಿಮ್ಮ ಹೆಸರಿನಲ್ಲಿ ಇರಲಿ. ಮಹಾಸಭೆಯಲ್ಲಿ ಓಟು, ಬೋನಸ್, ಆಡಳಿತ ಮಂಡಳಿಗೆ ನಿಲ್ಲುವ ಹಕ್ಕು ಎಲ್ಲವೂ ಸದಸ್ಯರಿಗೇ. ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನಗಳಿವೆ. ಬೈಲಾದಲ್ಲಿ ಹೇಳಿದಷ್ಟು ದಿನ ಹಾಲು ಹಾಕದಿದ್ದರೆ ಓಟಿನ ಹಕ್ಕು ಹೋಗುತ್ತದೆ. ಕಾರ್ಯದರ್ಶಿಯವರಲ್ಲಿ ಕೇಳಿ ತಿಳಿದುಕೊಳ್ಳಿ.

2. ಬ್ಯಾಂಕ್ ಖಾತೆ. ಸರಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಹೋಗುವುದು ಸಂಘದ ಪುಸ್ತಕದಲ್ಲಿ ಹೆಸರಿರುವವರ ಆಧಾರ್ ಜೋಡಿಸಿದ ಖಾತೆಗೆ.

3. ಕಿವಿಯ ಟ್ಯಾಗ್ ಮತ್ತು ವಿಮೆ. 12 ಅಂಕಿಯ ಹಳದಿ ಟ್ಯಾಗಿನ ದಾಖಲೆಯಲ್ಲಿ ಮಾಲೀಕರ ಹೆಸರೂ ಇರುತ್ತದೆ. ವಿಮೆಯೂ ಅದೇ ಹೆಸರಿನಲ್ಲಿರಲಿ. ಹೆಸರು ಬೇರೆ ಬೇರೆಯಾದರೆ ಹಸು ಸತ್ತಾಗ ಪರಿಹಾರಕ್ಕೆ ಓಡಾಡಬೇಕಾಗುತ್ತದೆ. ಟ್ಯಾಗ್ ಬಿದ್ದುಹೋಗಿದ್ದರೆ ಕೂಡಲೇ ನಮಗೆ ತಿಳಿಸಿ.

4. ಸಾಲ. ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಹೈನುಗಾರಿಕೆಗೂ ಸಿಗುತ್ತದೆ. ನಿಮ್ಮ ಹೆಸರಿನಲ್ಲಿ ಹಾಲು ಹಾಕಿದ ಲೆಕ್ಕವಿದ್ದರೆ ಬ್ಯಾಂಕಿನಲ್ಲಿ ತೋರಿಸಲು ಅದೇ ಒಳ್ಳೆಯ ಪುರಾವೆ.

5. ಪಹಣಿ. ಆರ್‌ಟಿಸಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆ ಮಾಡಿಸಿ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಈ ಕಾನೂನು ಬಂತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಗಂಡ ತೀರಿಕೊಂಡರೆ ಅವರ ಪಾಲಿನಲ್ಲಿ ಹೆಂಡತಿಗೂ ಮಕ್ಕಳಷ್ಟೇ ಹಕ್ಕಿದೆ. ತವರಿನಲ್ಲಿ ಜಗಳ ಮಾಡಿ ಎಂದು ನಾನು ಹೇಳುತ್ತಿಲ್ಲ. "ಹಕ್ಕು ಬಿಟ್ಟೆ" ಎಂಬ ಕಾಗದಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಏನು ಬರೆದಿದೆ ಎಂದು ಓದಿಸಿ ಕೇಳಿ.

ಇನ್ನೊಂದು ಮಾತು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹೆದ್ದಾರಿ ಬದಿಯಲ್ಲಿ, ಪೇಟೆ ಹತ್ತಿರದಲ್ಲಿ ಒಳ್ಳೆಯ ರೇಟು ಕೇಳಿಕೊಂಡು ಬರುವವರಿದ್ದಾರೆ. ಮಾರುವುದು ಬಿಡುವುದು ನಿಮ್ಮ ಮನೆಯ ತೀರ್ಮಾನ. ಆದರೆ ಆ ಮಾತುಕತೆ ಜಗಲಿಯಲ್ಲಿ ನಡೆಯುವಾಗ ನೀವು ಒಳಗೆ ಚಹಾ ಮಾಡುತ್ತಾ ಇರಬೇಡಿ. ಹುಲ್ಲಿನ ಜಾಗ ಹೋದರೆ ಹಟ್ಟಿ ಎಷ್ಟು ದಿನ ನಡೆಯುತ್ತದೆ ಎಂಬ ಲೆಕ್ಕ ಹೇಳಬಲ್ಲವರು ಆ ಮನೆಯಲ್ಲಿ ನೀವೊಬ್ಬರೇ.

ಮುಂದಿನ ತಿಂಗಳು ನಿಮ್ಮ ಸಂಘದ ಮಹಾಸಭೆ ಇದ್ದರೆ ತಪ್ಪದೆ ಹೋಗಿ. ಹೋಗುವ ಮೊದಲು ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಅರ್ಜಿ ಕೇಳಿ ಪಡೆದು ತುಂಬಿಸಿ. ಅರ್ಜಿ ತುಂಬಲು ಸಹಾಯ ಬೇಕಾದರೆ ನಿಮ್ಮ ಕಡೆಗೆ ಬರುವ ಒಕ್ಕೂಟದ ವಿಸ್ತರಣಾಧಿಕಾರಿಯವರನ್ನು ಅಥವಾ ನನ್ನನ್ನು ಕೇಳಿ. ಹಸು ನೋಡಲು ಬಂದಾಗ ಐದು ನಿಮಿಷ ಅದಕ್ಕೂ ಕೊಡುತ್ತೇನೆ.

— ಪಶುವೈದ್ಯಾಧಿಕಾರಿ